ಹಳದಣಕರ್: ಒಂದು ಮನೆತನದ ಹೆಸರು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರೆಲ್ಲ ತಪ್ಪದೆ ನಿಂತು ನೋಡುವ ಚಿತ್ರ ಒಂದಿದೆ. ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿ ನಿಂತ ಹೆಣ್ಣುಮಗಳ ಚಿತ್ರ. ಬೆರಳ ಸಂದಿಯಲ್ಲಿ ಕೆಂಪಾಗಿ ಸೋಸಿದ ಬೆಳಕು, ಮುಖದ ಮೇಲೆ ಅದರ ಹೊಳಪು. ಇದನ್ನು ರಾಜಾ ರವಿವರ್ಮರು ಬರೆದದ್ದೆಂದು ಎಷ್ಟೋ ಜನ ಇಂದಿಗೂ ನಂಬಿದ್ದಾರೆ. ರವಿವರ್ಮರ ಚಿತ್ರಗಳೂ ಅಲ್ಲೇ ಇರುವುದರಿಂದ ಹೀಗಾಗಿರಬೇಕು. ಒಬ್ಬರ ಸರಕಿಗೆ ಮತ್ತೊಬ್ಬರ ಚೀಟಿ ಅಂಟಿಸಿದಂತೆ!

ಇದನ್ನು ಬರೆದವರು ಸಾವಳಾರಾಮ ಲಕ್ಷ್ಮಣ ಹಳದಣಕರ್ (1882–1968). ಕನ್ನಡದಲ್ಲಿ ಹಲ್ದಂಕರ್ ಎಂದೂ ಬರೆಯುವುದುಂಟು. ಹುಟ್ಟೂರು ಸಾವಂತವಾಡಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಅದೇ ನಗರದಲ್ಲಿ ತಮ್ಮದೇ ಚಿತ್ರಕಲಾ ಶಾಲೆ ತೆರೆದರು. 1918ರಲ್ಲಿ ಆರಂಭವಾದ ಆರ್ಟ್ ಸೊಸೈಟಿ ಆಫ್ ಇಂಡಿಯಾದ ಸ್ಥಾಪಕರಲ್ಲಿ ಅವರೂ ಒಬ್ಬರು. ಭಾವಚಿತ್ರಗಳನ್ನು ಎಣ್ಣೆಬಣ್ಣದಲ್ಲೂ ಬರೆದರು, ಜಲವರ್ಣದಲ್ಲೂ ಬರೆದರು.

ಮೈಸೂರಿನ ಚಿತ್ರ ಜಲವರ್ಣದ್ದು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಣ್ಣೆಬಣ್ಣದಲ್ಲಿ ತಪ್ಪಿದರೆ ಒಣಗಿದ ಮೇಲೆ ಮತ್ತೊಂದು ಪದರ ಬಳಿದು ತಿದ್ದಬಹುದು. ಜಲವರ್ಣದಲ್ಲಿ ಆ ಅನುಕೂಲವಿಲ್ಲ. ಬೆಳಕು ಬೇಕಾದ ಕಡೆ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು. ಸುತ್ತ ಕತ್ತಲು, ನಡುವೆ ದೀಪ. ಕೈ ಒಮ್ಮೆ ಜಾರಿದರೆ ಬೆಳಕೇ ಹೋಯಿತು. ರವಿವರ್ಮರು ಹೆಸರಾದದ್ದು ಎಣ್ಣೆಬಣ್ಣಕ್ಕೆ. ಅವರು 1906ರಲ್ಲೇ ತೀರಿಕೊಂಡರು. ಈ ಚಿತ್ರ ಹುಟ್ಟಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ದೀಪ ಹಿಡಿದು ತಂದೆಯ ಮುಂದೆ ನಿಂತವರು ಹಳದಣಕರರ ಮಗಳು ಗೀತಾ. ನೂರು ವರ್ಷ ದಾಟಿ ಬದುಕಿದ ಅವರು 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡಾಗ ಪತ್ರಿಕೆಗಳು ಬರೆದವು. ತಂದೆಯ ನಿಜವಾದ ಹೆಸರು ಆಗ ಹಲವರಿಗೆ ಮೊದಲ ಸಲ ತಿಳಿಯಿತು.

ಮಗ ಗಜಾನನ ಹಳದಣಕರ್ (1912–1981) ಕೂಡ ಭಾವಚಿತ್ರಕಾರರೇ. ಇನ್ನೊಬ್ಬ ಮಗ ಶ್ರೀಕೃಷ್ಣ, ಜನ ಕರೆದದ್ದು ಬಬನರಾವ್ (1927–2016), ಕುಂಚ ಬಿಟ್ಟು ತಂಬೂರಿ ಹಿಡಿದರು. ಜೈಪುರ ಘರಾಣೆಯ ಮೋಗೂಬಾಯಿ ಕುರ್ಡೀಕರ್ ಮತ್ತು ಆಗ್ರಾ ಘರಾಣೆಯ ಖಾದಿಮ್ ಹುಸೇನ್ ಖಾನ್ ಇಬ್ಬರಲ್ಲೂ ಕಲಿತವರು. 'ರಸಪಿಯಾ' ಎಂಬ ಅಂಕಿತದಲ್ಲಿ ಬಂದಿಶ್‌ಗಳನ್ನು ರಚಿಸಿದರು, ಎರಡು ಘರಾಣೆಗಳನ್ನು ತೂಗಿ ನೋಡುವ ಪುಸ್ತಕವನ್ನೂ ಮರಾಠಿಯಲ್ಲಿ ಬರೆದರು.

'ಕರ್' ಎಂದು ಮುಗಿಯುವ ಹೆಸರುಗಳು ಗೋವೆ, ಕೊಂಕಣದ ಕಡೆ ಸಾಮಾನ್ಯವಾಗಿ ಊರಿನಿಂದ ಬಂದವು. ಮಂಗೇಶಿಯಿಂದ ಮಂಗೇಶ್ಕರ್ ಬಂದಂತೆ. ಆದ್ದರಿಂದ ಹಳದಣಕರ್ ಎಂದವರೆಲ್ಲ ಒಂದೇ ಮನೆಯವರೆಂದು ತಿಳಿಯಬಾರದು. ಇಲ್ಲಿ ಹೇಳಿದವರು ಮಾತ್ರ ಒಂದೇ ಮನೆಯವರು. ಮೈಸೂರಿಗೆ ಹೋದಾಗ ಜೊತೆಗಿರುವ ಮಕ್ಕಳಿಗೆ ಚಿತ್ರಕಾರರ ಹೆಸರನ್ನು ಸರಿಯಾಗಿ ಹೇಳಿಕೊಡಿ.