ಅಣ್ಣನ ಕಾಯಿಲೆ, ತಂಗಿಯ ಪ್ರಶ್ನೆ

ಅಣ್ಣನಿಗೆ ಸ್ಕಿಜೋಫ್ರೇನಿಯಾ. ತಂಗಿಗೆ ಗಂಡು ನೋಡುತ್ತಿದ್ದಾರೆ. ಆ ಮನೆಯ ಎಲ್ಲರ ಮನಸ್ಸಿನಲ್ಲಿದ್ದೂ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ‘ಇವಳಿಗೂ ಬಂದರೆ? ನಾಳೆ ಇವಳ ಮಕ್ಕಳಿಗೆ ಬಂದರೆ?’ ವೈದ್ಯರನ್ನು ಕೇಳದಿದ್ದರೆ ನೆಂಟರಿಷ್ಟರೇ ಉತ್ತರ ಹೇಳಿಬಿಡುತ್ತಾರೆ: ‘ಅದು ಆ ವಂಶದಲ್ಲೇ ಇದೆ.’

ವಿಜ್ಞಾನದ ಉತ್ತರ ಅಷ್ಟು ಕಠೋರವಲ್ಲ. ಜನಸಾಮಾನ್ಯರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಜೀವಮಾನದಲ್ಲಿ ಯಾವಾಗಲಾದರೂ ಸ್ಕಿಜೋಫ್ರೇನಿಯಾ ಬರುತ್ತದೆ. ಒಡಹುಟ್ಟಿದವರಿಗೆ ಇದ್ದರೆ ಈ ಪ್ರಮಾಣ ನೂರಕ್ಕೆ ಸುಮಾರು 9. ಈ ತಂಗಿಯ ಮಕ್ಕಳಿಗೆ, ಅಂದರೆ ಸೋದರಮಾವನಿಗೆ ಕಾಯಿಲೆಯಿರುವ ಮಕ್ಕಳಿಗೆ, ಸುಮಾರು 4. ತಂದೆತಾಯಿ ಇಬ್ಬರಿಗೂ ಇದ್ದಾಗ ಅದು 40ರ ಆಸುಪಾಸಿಗೆ ಏರುತ್ತದೆ. ನಮ್ಮಲ್ಲಿ ಸೋದರಸಂಬಂಧದ ಮದುವೆಗಳುಂಟು. ಗಂಡುಹೆಣ್ಣು ಒಂದೇ ಬೇರಿನವರಾದಾಗ ಈ ಅಂಕಿಗಳನ್ನು ಇದ್ದ ಹಾಗೆಯೇ ಅನ್ವಯಿಸಲಾಗದು. ಸಲಹೆಗೆ ಹೋದವರು ಅದನ್ನು ಮುಚ್ಚಿಡಬಾರದು.

ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಆದರೂ ಒಬ್ಬರಿಗೆ ಈ ಕಾಯಿಲೆ ಬಂದಾಗ ಇನ್ನೊಬ್ಬರಿಗೆ ಬರುವ ಸಾಧ್ಯತೆ ಅರ್ಧವನ್ನೂ ದಾಟುವುದಿಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಸ್ಕಿಜೋಫ್ರೇನಿಯಾಕ್ಕೆ ಸಂಬಂಧಿಸಿದ 287 ತಾಣಗಳನ್ನು ನಮ್ಮ ಡಿಎನ್‌ಎಯಲ್ಲಿ ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಹಾಗಾಗಿ ‘ಬರುತ್ತದೆ’, ‘ಬರುವುದಿಲ್ಲ’ ಎಂದು ತೀರ್ಪು ಕೊಡುವ ರಕ್ತಪರೀಕ್ಷೆ ಇಲ್ಲ. ಅಪವಾದಗಳುಂಟು: 22ನೆಯ ವರ್ಣತಂತುವಿನ ಒಂದು ನಿರ್ದಿಷ್ಟ ತುಣುಕು ಇಲ್ಲದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ ಬರುತ್ತದೆ. ಹುಟ್ಟಿನಿಂದಲೇ ಹೃದಯದ ದೋಷ, ಸೀಳಂಗುಳ, ಕಲಿಕೆಯ ತೊಂದರೆ ಜೊತೆಗಿದ್ದರೆ ಆ ತುಣುಕಿನ ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿದೆ.

ಈ ಲೆಕ್ಕಕ್ಕೊಂದು ಕರಾಳ ಇತಿಹಾಸವಿದೆ. ಸ್ಕಿಜೋಫ್ರೇನಿಯಾ ಇರುವವರ ಒಡಹುಟ್ಟಿದವರ ಅಪಾಯವನ್ನು 1916ರಲ್ಲಿ ಲೆಕ್ಕಹಾಕಿ ಪ್ರಕಟಿಸಿದವನು ಮ್ಯೂನಿಕ್‌ನ ಮನೋವೈದ್ಯ ಅರ್ನ್ಸ್ಟ್ ರೂಡಿನ್. ನಾಜಿ ಆಡಳಿತದ 1933ರ ಕಾನೂನಿಗೆ ಬೆಂಬಲವಾಗಿ ನಿಂತವನೂ ಅವನೇ. ಆ ಕಾನೂನಿನಡಿ ಸುಮಾರು 4 ಲಕ್ಷ ಜನರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಲಾಯಿತು. ಅಮೆರಿಕದ ಮಿನೆಸೋಟದಲ್ಲಿದ್ದ ಶೆಲ್ಡನ್ ರೀಡ್ 1947ರಲ್ಲಿ ಅನುವಂಶೀಯ ಸಮಾಲೋಚನೆ ಎಂದು ಹೆಸರಿಟ್ಟದ್ದು ಕುಟುಂಬದ ಒಳಿತನ್ನೇ ಮುಂದಿಟ್ಟುಕೊಂಡ ಬೇರೆಯದೇ ಸೇವೆಗೆ. ‘ಮಕ್ಕಳು ಬೇಡ’ ಎಂದು ಅಪ್ಪಣೆ ಕೊಡುವುದು ಸಮಾಲೋಚಕರ ಕೆಲಸವಲ್ಲ. ತೀರ್ಮಾನ ಕುಟುಂಬದ್ದು.

ಮಾನಸಿಕ ಕಾಯಿಲೆಗಳಿಗೆಂದೇ ಇಂಥ ಸಮಾಲೋಚನೆಯ ಕ್ಲಿನಿಕ್ಕನ್ನು 2012ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ತೆರೆದವರು ಜೆಹಾನೀನ್ ಆಸ್ಟಿನ್. ಅಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳುತ್ತಾರೆ. ‘ಈ ಕಾಯಿಲೆ ಯಾಕೆ ಬಂತೆಂದು ನಿಮಗನ್ನಿಸುತ್ತದೆ?’ ಎಂದು ಕೇಳುತ್ತಾರೆ. ಆಮೇಲೆ ಒಂದು ಜಾಡಿಯ ಚಿತ್ರ ತೋರಿಸುತ್ತಾರೆ. ಹುಟ್ಟುವಾಗಲೇ ಜಾಡಿಯೊಳಗೆ ಸ್ವಲ್ಪ ಅಪಾಯ ಸೇರಿರುತ್ತದೆ, ಅದನ್ನು ತೆಗೆಯಲಾಗದು. ಅದರ ಮೇಲೆ ಜೀವನದ ಆಘಾತ, ಒತ್ತಡ, ಗಾಂಜಾದಂಥವು ತುಂಬುತ್ತಾ ಹೋಗಿ ಜಾಡಿ ಭರ್ತಿಯಾದಾಗ ಕಾಯಿಲೆ ಕಾಣಿಸುತ್ತದೆ. ನಿದ್ದೆ, ಔಷಧಿ, ಜೊತೆಗಾರರ ಆಸರೆ ಜಾಡಿಯ ಅಂಚನ್ನು ಎತ್ತರಿಸುತ್ತವೆ.

ನನಗೆ ಅಂಕಿಗಳಿಗಿಂತ ಮುಖ್ಯವಾಗಿ ಕಾಣುವುದು ಇದೇ. ‘ಬಸುರಿಯಾಗಿದ್ದಾಗ ಅತ್ತೆನಲ್ಲ, ಅದಕ್ಕೇ ಮಗನಿಗೆ ಹೀಗಾಯ್ತು’ ಎಂದು ವರ್ಷಗಟ್ಟಲೆ ಒಳಗೇ ಬೇಯುವ ತಾಯಂದಿರಿದ್ದಾರೆ. ಯಾವ ಒಂದು ಕಾರಣವೂ ತಾನಾಗಿಯೇ ಜಾಡಿಯನ್ನು ತುಂಬಿಸುವುದಿಲ್ಲ ಎಂಬುದನ್ನು ಯಾರಾದರೂ ಆ ತಾಯಿಗೆ ಕುಳಿತು ವಿವರಿಸಬೇಕು. ಔಷಧಿಯ ಚೀಟಿ ಬರೆಯುವ ಐದು ನಿಮಿಷದಲ್ಲಿ ಆಗುವ ಕೆಲಸವಲ್ಲ ಇದು.

ಬೈಪೋಲಾರ್ ಕಾಯಿಲೆಯಿರುವ ಹೆಣ್ಣುಮಕ್ಕಳಿಗಂತೂ ಈ ಮಾತುಕತೆ ಬಸುರಾಗುವ ಮೊದಲೇ ಆಗಬೇಕು. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೆರಿಗೆಯಾದ ಮೇಲೆ ಬಾಣಂತಿ ಸನ್ನಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯರಲ್ಲಿ ಅದು ಸಾವಿರಕ್ಕೆ ಒಂದೆರಡು. ವ್ಯಾಲ್‌ಪ್ರೋಯೇಟ್ ಔಷಧಿ ಭ್ರೂಣಕ್ಕೆ ಹಾನಿಕರ. ಹಾಗೆಂದು ತಾವಾಗಿಯೇ ಗುಳಿಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು; ವೈದ್ಯರ ಜೊತೆ ಮಾತಾಡಿ ಬದಲಿಸಿಕೊಳ್ಳಬೇಕು. ಬಾಣಂತನದಲ್ಲಿ ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ತಾಯಿಗೆ ನಿದ್ದೆ ಹೇಗೆ ಸಿಗುತ್ತದೆ ಎಂಬುದೂ ಚಿಕಿತ್ಸೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಊರಲ್ಲಿ ಮನೋವೈದ್ಯರು ಸಿಗದವರು ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.