ಗಂಟಿನಿಂದ ತೆಗೆದ ಹನಿ

ಕೆಮ್ಮಿಲ್ಲ, ಕಫವಿಲ್ಲ. ಕತ್ತಿನ ಬದಿಯಲ್ಲಿ ನೋಯದ ಗಂಟೊಂದು ವಾರದಿಂದ ವಾರಕ್ಕೆ ದೊಡ್ಡದಾಗುತ್ತದೆ. ತದಡಿ ಬಂದರಿನಲ್ಲಿ ಮೀನುಬುಟ್ಟಿ ಹೊರುವವರಿಗಾಗಲಿ, ಅಘನಾಶಿನಿ ನದಿಯಲ್ಲಿ ಬಳಚು ಹೆಕ್ಕುವವರಿಗಾಗಲಿ ಇದೂ ಟಿ.ಬಿ. ಇರಬಹುದೆಂದು ಥಟ್ಟನೆ ಹೊಳೆಯುವುದಿಲ್ಲ. ಆಯುರ್ವೇದದ ಗಂಡಮಾಲೆಯ ವರ್ಣನೆ ಇದನ್ನು ಬಹುಮಟ್ಟಿಗೆ ಹೋಲುತ್ತದೆ. ಇಂಗ್ಲೆಂಡಿನಲ್ಲಿ ದೊರೆ ಮುಟ್ಟಿದರೆ ವಾಸಿಯಾಗುತ್ತದೆಂದು ನಂಬಿದ್ದರು.

1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ. ಆದರೆ ಕತ್ತಿನಲ್ಲಿ ಗಂಟಾಗಿ ಊದಿದ ದುಗ್ಧಗ್ರಂಥಿಯೊಳಗೆ ಅದನ್ನು ಹುಡುಕುವುದು ಹೇಗೆ? ಕತ್ತರಿಸಿ ತೆಗೆಯುವುದೇ ದಾರಿಯಾಗಿತ್ತು. ಕೀವುಗಟ್ಟಿದ ಗಂಟನ್ನು ಕೊಯ್ದರೆ ಗಾಯ ಮಾಯದೆ ತಿಂಗಳುಗಟ್ಟಲೆ ಸೋರುವುದೂ ಇತ್ತು.

ಸೂಜಿಯ ದಾರಿ ತೆರೆದದ್ದು ಬೇರೆ ರೋಗದಿಂದ. ಆಫ್ರಿಕದ ಉಗಾಂಡದಲ್ಲಿ ನಿದ್ರಾರೋಗದ ಅಧ್ಯಯನಕ್ಕೆ ಹೋಗಿದ್ದ ಗ್ರೆಗ್ ಮತ್ತು ಗ್ರೇ 1904ರಲ್ಲಿ ರೋಗಿಗಳ ಊದಿದ ಗ್ರಂಥಿಗೆ ಸೂಜಿ ಚುಚ್ಚಿ, ಬಂದ ದ್ರವದಲ್ಲಿ ಪರೋಪಜೀವಿಯನ್ನು ಕಂಡರು. ಗ್ರೆಗ್ ಇಂಡಿಯನ್ ಮೆಡಿಕಲ್ ಸರ್ವಿಸಿನವನು. ನಮ್ಮ ಓದುಗರು ಅವನ ಹೆಸರನ್ನು ನೆನಪಿಡಬೇಕು. 1930ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ 18 ಗೇಜಿನ ದಪ್ಪ ಸೂಜಿಯಿಂದ ಗಡ್ಡೆಗಳ ಜೀವಕೋಶ ಹೀರಿ ತೆಗೆದರು. ಸೂಜಿಯನ್ನು ತೆಳುವಾಗಿಸಿ, ಪದ್ಧತಿಯನ್ನು ಗಟ್ಟಿಯಾಗಿ ನೆಲೆಗೊಳಿಸಿದವರು ಸ್ವೀಡನ್ನಿನ ವೈದ್ಯರು. ಇಂದು 22, 23 ಗೇಜಿನ ಸೂಜಿ ಸಾಕು; ಅದರ ದಪ್ಪ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹೊಲಿಗೆಯಿಲ್ಲ, ವಾರ್ಡಿನಲ್ಲಿ ಮಲಗಬೇಕಿಲ್ಲ.

ಸಿರಿಂಜಿಗೆ ಬಂದದ್ದನ್ನು ಸ್ಲೈಡಿಗೆ ಸವರಿ, ಬಣ್ಣ ಹಚ್ಚಿ ನೋಡಿದಾಗ ಗಿಣ್ಣದಂತೆ ಪುಡಿಯಾದ ಸತ್ತ ಅಂಶವೂ ಎಪಿಥೀಲಿಯಾಯ್ಡ್ ಕೋಶಗಳ ಗುಂಪೂ ಕಂಡರೆ ಸಂಶಯ ಬಲವಾಗುತ್ತದೆ. ಆದರೆ ಗ್ರಂಥಿಯಲ್ಲಿ ರೋಗಾಣುಗಳು ವಿರಳ. ಎಷ್ಟೋ ಸಲ ಸ್ಲೈಡಿನಲ್ಲಿ ಒಂದೂ ಸಿಗುವುದಿಲ್ಲ. ಇಲ್ಲಿ ನೆರವಾದದ್ದು ವಂಶವಾಹಿ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕಫಕ್ಕೆ ಒಪ್ಪಿದ ‘ಎಕ್ಸ್‌ಪರ್ಟ್’ ಎಂಬ ಪರೀಕ್ಷೆಯನ್ನು 2013ರಲ್ಲಿ ದುಗ್ಧಗ್ರಂಥಿಯ ಮಾದರಿಗೂ ಶಿಫಾರಸು ಮಾಡಿತು. ನಮ್ಮಲ್ಲಿ ಸಿಬಿನಾಟ್ ಎನ್ನುವುದು ಇದನ್ನೇ. ಸುಮಾರು ಎರಡು ಗಂಟೆಯಲ್ಲಿ ರೋಗಾಣುವಿದೆಯೇ, ರಿಫಾಂಪಿಸಿನ್ ಔಷಧಿಗೆ ಜಗ್ಗುತ್ತದೆಯೇ ಎಂಬೆರಡೂ ಗೊತ್ತಾಗುತ್ತದೆ. ಹೀಗೆ ಶ್ವಾಸಕೋಶದ ಹೊರಗೆ ಕಾಣುವ ಕ್ಷಯಕ್ಕೆ ಭಾರತದ ಮಾರ್ಗಸೂಚಿ ಬಂದದ್ದು 2016ರಲ್ಲಿ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಂದು ಸಣ್ಣ ಸಂಗತಿ. ಹೀರಿದ್ದರಲ್ಲಿ ಒಂದಿಷ್ಟು ಸ್ಲೈಡಿಗೆ ಹೋಗಬೇಕು, ಉಳಿದದ್ದು ಸಲೈನಿನಲ್ಲಿ ಸಿಬಿನಾಟ್‌ಗೆ ಮತ್ತು ರೋಗಾಣು ಬೆಳೆಸಿ ನೋಡುವ ಕಲ್ಚರಿಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸಾಯುತ್ತದೆ, ಕಲ್ಚರ್ ಮಾಡಲಾಗುವುದಿಲ್ಲ. ತದಡಿಯವರ ಮಾದರಿ ಕಾರವಾರಕ್ಕೋ ಮಣಿಪಾಲಕ್ಕೋ ಹೋಗುವುದಾದರಂತೂ, ಸೂಜಿ ಕೈಗೆತ್ತಿಕೊಳ್ಳುವ ಮುನ್ನವೇ ಸಲೈನಿನ ಶೀಷೆ ಮೇಜಿನ ಮೇಲಿರಬೇಕು.