ಪುಟ್ಟ ಕೌದಿಯ ಲೆಕ್ಕ: ಮಿಲಿಮೀಟರ್ ತಪ್ಪಿದರೆ ಚೌಕವೇ ಮಾಯ

ಹೊಸದುರ್ಗ: ಹಳೆಯ ಸೀರೆ, ಪಂಚೆ, ಕುಪ್ಪಸಗಳ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವುದು ಬಯಲುಸೀಮೆಯ ಮನೆಗಳಿಗೆ ಹೊಸದಲ್ಲ. ಹಾಸಲು, ಹೊದೆಯಲು ಬಳಸುವ ಕೌದಿಯಲ್ಲಿ ಅರ್ಧ ಅಂಗುಲ ಹೆಚ್ಚುಕಡಿಮೆಯಾದರೆ ಯಾರೂ ಲೆಕ್ಕಿಸುವುದಿಲ್ಲ. ಆದರೆ ಅದೇ ಕಸುಬು ದಿಂಬಿನ ಹೊದಿಕೆ, ಕೈಚೀಲ, ಗೋಡೆಯ ಅಲಂಕಾರಗಳ ಪುಟ್ಟ ಚೌಕಗಳಿಗೆ ಇಳಿದಾಗ ಅಳತೆಯೇ ಜೀವಾಳವಾಗುತ್ತದೆ. ಅಳತೆ ತಪ್ಪಿದ ಹೊದಿಕೆ ದಿಂಬಿಗೆ ಏರದು. ಹೊಲಿದವರ ದಿನಗಟ್ಟಲೆ ದುಡಿಮೆಗೆ ಬೆಲೆ ದೊರೆಯದು.

ತಪ್ಪು ಬೆಳೆಯುವ ಬಗೆ

ಸಿದ್ಧವಾದಾಗ 2 ಸೆಂ.ಮೀ. ಇರಬೇಕಾದ 9 ತುಂಡುಗಳಿಂದ 6 ಸೆಂ.ಮೀ. ಚೌಕವೊಂದನ್ನು ಹೊಲಿಯುವುದಾದರೆ, ಸುತ್ತ 6 ಮಿ.ಮೀ. ಹೊಲಿಗೆ ಅಂಚು ಬಿಟ್ಟು ಪ್ರತಿ ತುಂಡನ್ನು 3.2 ಸೆಂ.ಮೀ.ಗೆ ಕತ್ತರಿಸಬೇಕು. ಹೊಲಿಗೆ ಒಂದೇ ಮಿ.ಮೀ. ಒಳಗೆ ಸರಿದರೂ ಎರಡೂ ತುಂಡುಗಳಿಂದ ಸೇರಿ 2 ಮಿ.ಮೀ. ಕಳೆದುಹೋಗುತ್ತದೆ. ಇಂಥ 10 ಚೌಕಗಳ ಸಾಲಿನಲ್ಲಿ 29 ಹೊಲಿಗೆಗಳಿರುತ್ತವೆ. ಅಂದರೆ ಒಟ್ಟು ನಷ್ಟ 58 ಮಿ.ಮೀ., ಹೆಚ್ಚುಕಡಿಮೆ ಒಂದು ಇಡೀ ಚೌಕ.

ಸಿದ್ದಿಯರ ಉಪಾಯ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಭಾಗದ ಸಿದ್ದಿ ಮಹಿಳೆಯರ ಕೌದಿಗಳಲ್ಲಿ ಈ ತೊಡಕಿಲ್ಲ. ಅವರು ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸುವುದಿಲ್ಲ. ಹಳೆಯ ಸೀರೆಯನ್ನು ತಳವಾಗಿ ಹಾಸಿ, ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿನತ್ತ ತುಂಡುಗಳನ್ನಿಟ್ಟು ಹೊಲಿಯುತ್ತಾರೆ. ಕೌದಿಯ ಅಳತೆಯನ್ನು ತಳದ ಬಟ್ಟೆಯೇ ನಿರ್ಧರಿಸುವುದರಿಂದ ಸಣ್ಣ ತಪ್ಪುಗಳು ಕೂಡಿಕೊಂಡು ಬೆಳೆಯುವುದಿಲ್ಲ.

ಪುಟ್ಟ ಚೌಕಗಳಿಗೆ ಈ ತಳದ ಕೆಲಸವನ್ನು ತೆಳು ಕಾಗದ ಮಾಡಬಲ್ಲದು. ಪ್ರತಿ ಸಾಲಿಗೊಂದು ಕಾಗದ ತೆಗೆದುಕೊಂಡು ಗೆರೆ ಎಳೆಯಬೇಕು. ಬಟ್ಟೆಯನ್ನು ಕಾಗದದ ಹಿಂಬದಿಯಲ್ಲಿಟ್ಟು, ಗೆರೆಯ ಮೇಲೆಯೇ ಒತ್ತೊತ್ತಾಗಿ ಹೊಲಿಯಬೇಕು. ಸಾಲುಗಳನ್ನು ಜೋಡಿಸಿದ ಬಳಿಕ ಕಾಗದವನ್ನು ಹರಿದು ತೆಗೆಯಬಹುದು.

ಗಮನಿಸಬೇಕಾದ ಅಂಶಗಳು

ಹೊಸ ಹತ್ತಿ ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ ನಂತರವೇ ಎಳೆಯ ನೇರಕ್ಕೆ ಕತ್ತರಿಸಬೇಕು. ಜಾರುವ ಪಾಲಿಯೆಸ್ಟರ್ ಸೀರೆಯನ್ನು ಹತ್ತಿಯೊಡನೆ ಬೆರೆಸದಿರುವುದು ಲೇಸು. ಮಡಿಕೆಯೂ ಒಂದೆರಡು ಎಳೆಯಷ್ಟು ಜಾಗ ನುಂಗುವುದರಿಂದ, ಹೊಲಿಗೆಯನ್ನು 6 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೊರಗೆ ಹಾಕಬೇಕು. ಮೊದಲು ಮೂರು ತುಂಡು ಜೋಡಿಸಿ ನಡುವಿನ ತುಂಡನ್ನು ಅಳೆದರೆ, 2 ಸೆಂ.ಮೀ. ಇದೆಯೋ ಇಲ್ಲವೋ ತಿಳಿಯುತ್ತದೆ.

ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಎತ್ತಿ ಇಟ್ಟು ಒತ್ತಬೇಕು; ಉಜ್ಜಿದರೆ ಬಟ್ಟೆ ಹಿಗ್ಗುತ್ತದೆ. ಒಂದು ಸಾಲಿನ ಅಂಚುಗಳನ್ನು ಎಡಕ್ಕೂ ಮುಂದಿನದನ್ನು ಬಲಕ್ಕೂ ಮಡಿಸಿದರೆ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಅಲ್ಲಿ ಗುಂಡುಸೂಜಿ ಚುಚ್ಚಿ ಹೊಲಿದ ನಂತರ, ಅಂಚನ್ನು 3 ಮಿ.ಮೀ.ಗೆ ಕತ್ತರಿಸಿದರೆ ಚೌಕ ಉಬ್ಬದು.

ಪ್ರತಿ ಹೊಲಿಗೆಯ ಬಳಿಕ ಅಳೆಯುವುದು ಬೇಸರದ ಕೆಲಸವೇ ಸರಿ. ಆದರೆ ಒಂದು ಹೊಲಿಗೆ ಬಿಚ್ಚಲು ಬೇಕಾಗುವುದು ನಿಮಿಷ. ಇಪ್ಪತ್ತೊಂಬತ್ತನ್ನು ಬಿಚ್ಚಲು ಇಡೀ ಮಧ್ಯಾಹ್ನ.